ಸೌನಾದ ಬಿಸಿಯಲ್ಲಿ ಪ್ರಾಣಾಯಾಮ ಬೇಕೇ?

1774ರ ಜನವರಿಯ ಚಳಿಯಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಫೋರ್ಡೈಸ್ ತಾನು ಕಾಯಿಸಿಟ್ಟಿದ್ದ ಕೋಣೆಗೆ ಕೆಲವು ಗೆಳೆಯರನ್ನು ಕರೆದ. ಕ್ಯಾಪ್ಟನ್ ಕುಕ್ ಜೊತೆ ಭೂಮಿ ಸುತ್ತಿ ಬಂದಿದ್ದ ಜೋಸೆಫ್ ಬ್ಯಾಂಕ್ಸ್, ಡೇನಿಯಲ್ ಸೊಲಾಂಡರ್ ಅವರಲ್ಲಿದ್ದರು. ಎಲ್ಲವನ್ನೂ ಬರೆದಿಟ್ಟವನು ಚಾರ್ಲ್ಸ್ ಬ್ಲಾಗ್ಡೆನ್. ಮನುಷ್ಯ ಎಷ್ಟು ಬಿಸಿಗಾಳಿ ತಡೆದಾನು ಎಂಬುದು ಅವರ ಕುತೂಹಲ. ಮೊದಲ ಪ್ರಯೋಗಗಳಲ್ಲಿ ಕುದಿನೀರಿಗೆ ಹತ್ತಿರದ ಬಿಸಿ. ಮುಂದೆ ಅದೇ ವರ್ಷ 127 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋದರು. 1775ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಆ ವರದಿಯಲ್ಲಿ ಉಸಿರಿನ ಬಗ್ಗೆ ಒಂದು ಸೊಗಸಾದ ಗಮನಿಕೆ ಇದೆ. ಥರ್ಮಾಮೀಟರಿನ ಮೇಲೆ ಉಸಿರು ಬಿಟ್ಟರೆ ಪಾದರಸ ಕೆಳಗಿಳಿಯಿತು. ಗಾಳಿಯನ್ನು ಒಳಗೆಳೆದಾಗ ಮೂಗು ಸುಡುತ್ತಿತ್ತು, ಹೊರಬಿಟ್ಟಾಗ ಅದೇ ಮೂಗಿಗೆ ಹಿತವಾಗುತ್ತಿತ್ತು. ಬೆರಳ ಮೇಲೆ ಊದಿಕೊಂಡರೆ ತಂಪು. ಆ ಕೋಣೆಯಲ್ಲಿ ಮನುಷ್ಯನ ಉಸಿರೇ ಎಲ್ಲಕ್ಕಿಂತ ತಣ್ಣಗಿನ ಗಾಳಿಯಾಗಿತ್ತು.

ಬಿಸಿಕೋಣೆಯಲ್ಲಿ ಕೂತವನ ಉಸಿರನ್ನು ಇಷ್ಟು ಶ್ರದ್ಧೆಯಿಂದ ಗಮನಿಸಿದ ಆ ವರದಿಗೂ ಇಂದಿನ ಬೆಂಗಳೂರಿನ ಜಿಮ್‌ಗೂ ಸಂಬಂಧವಿದೆ. ವ್ಯಾಯಾಮ ಮುಗಿಸಿ ಸೌನಾ ಹೊಕ್ಕವರು ಅಲ್ಲೇ ಕಣ್ಣು ಮುಚ್ಚಿ ಕಪಾಲಭಾತಿ ಶುರು ಮಾಡುವುದು ಈಗ ಅಪರೂಪವಲ್ಲ. ಫೋನಿನಲ್ಲಿ ನೋಡಿ ಕಲಿತ ವೇಗದ ಉಸಿರಾಟ, ಉಸಿರು ಹಿಡಿದು ಎಣಿಸುವುದು, ನಾಲ್ಕು ಎಣಿಕೆಗೆ ಎಳೆದು ಎಂಟು ಎಣಿಕೆಗೆ ಬಿಡುವುದು, ಎಲ್ಲವೂ ಆ ಮರದ ಹಲಗೆಯ ಮೇಲೆ ನಡೆಯುತ್ತವೆ. ಎರಡು ಒಳ್ಳೆಯ ಅಭ್ಯಾಸಗಳು ಸೇರಿದರೆ ಫಲ ಇಮ್ಮಡಿ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ಎಷ್ಟು ದೂರ ನಿಲ್ಲುತ್ತದೆ ಎಂದು ನೋಡಲು ಶರೀರಶಾಸ್ತ್ರ, ಫಿನ್ಲೆಂಡಿನ ರೂಢಿ, ನಮ್ಮ ಹಠಯೋಗದ ಗ್ರಂಥಗಳು, ಚರಕಸಂಹಿತೆ, ಇತ್ತೀಚಿನ ಅಧ್ಯಯನಗಳು ಎಲ್ಲವನ್ನೂ ಒಟ್ಟಿಗೆ ಹರಡಿಕೊಳ್ಳಬೇಕು. ಹಾಗೆ ಹರಡಿಕೊಂಡು ನೋಡಿದಾಗ ನನಗೆ ಕಂಡದ್ದು ಇಷ್ಟು: ಬಿಸಿಯ ಒಳಗೆ ಉಸಿರನ್ನು ಆಳಬಾರದು, ಗಮನಿಸಬೇಕು. ಆಳುವ ಕೆಲಸಕ್ಕೆ ಜಾಗ ಹೊರಗಿನ ಬೆಂಚಿನಲ್ಲಿದೆ.

ಮೊದಲು ಸೌನಾದ ತವರು. ಸುಮಾರು 55 ಲಕ್ಷ ಜನರ ಫಿನ್ಲೆಂಡಿನಲ್ಲಿ 30 ಲಕ್ಷದಷ್ಟು ಸೌನಾಗಳಿವೆ. 2020ರಲ್ಲಿ ಯುನೆಸ್ಕೊ ಈ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆ ವಾರಕ್ಕೊಂದು ಸರದಿಯಂತೆ ಸೌನಾ ಕಾಯ್ದಿರಿಸುವ ಪದ್ಧತಿ ಇದೆ. ಹೆಲ್ಸಿಂಕಿ, ಎಸ್ಪೂ ಕಡೆ ಕೆಲಸಕ್ಕಿರುವ ಕನ್ನಡಿಗರಿಗೆ ಇದು ಗೊತ್ತಿರುವ ಸಂಗತಿ. ಸಾಮಾನ್ಯವಾಗಿ 80ರಿಂದ 100 ಡಿಗ್ರಿ ಬಿಸಿ, ತೇವಾಂಶ ಶೇ 10ರಿಂದ 20. ಕಾದ ಕಲ್ಲುಗಳ ಮೇಲೆ ಸೌಟಿನಲ್ಲಿ ನೀರು ಹಾಕಿದಾಗ ಏಳುವ ಆವಿಗೆ ಅವರು ಲೊಯ್ಲು ಎನ್ನುತ್ತಾರೆ. ಇಷ್ಟು ಹಳೆಯ, ಇಷ್ಟು ವ್ಯಾಪಕವಾದ ಈ ರೂಢಿಯಲ್ಲಿ ಎಣಿಸಿ ಮಾಡುವ ಉಸಿರಾಟದ ವಿಧಾನವೊಂದೂ ಬೆಳೆದಿಲ್ಲ ಎಂಬುದು ಗಮನಿಸಬೇಕಾದ ಮಾತು. ಸುಮ್ಮನೆ ಕೂರುತ್ತಾರೆ, ಮೆಲುದನಿಯಲ್ಲಿ ಮಾತಾಡುತ್ತಾರೆ, ಸಾಕೆನಿಸಿದಾಗ ಏಳುತ್ತಾರೆ.

ಹಾಗೆಂದು ಉಸಿರಿನ ಬಗ್ಗೆ ಜಾಣತನವೇ ಇಲ್ಲವೆಂದಲ್ಲ. ಲೊಯ್ಲು ಎದ್ದಾಗ ತಲೆ ತಗ್ಗಿಸುತ್ತಾರೆ, ಅಂಗೈಗಳನ್ನು ಬೊಗಸೆ ಮಾಡಿ ಮೂಗಿಗೆ ಅಡ್ಡ ಹಿಡಿಯುತ್ತಾರೆ. ಮೈಗೆ ಬಡಿದುಕೊಳ್ಳಲು ಕಟ್ಟಿಟ್ಟ ಬರ್ಚ್ ಎಲೆಗಳ ಕಟ್ಟನ್ನು ಮುಖಕ್ಕೆ ಒತ್ತಿ ಅದರ ಮೂಲಕ ಉಸಿರೆಳೆಯುವುದು ಫಿನ್ಲೆಂಡಿನಲ್ಲೂ ಇದೆ, ರಷ್ಯಾದ ಬಾನ್ಯಾದಲ್ಲೂ ಇದೆ. ಒದ್ದೆ ಎಲೆ ಬಿಸಿಗಾಳಿಯನ್ನು ತುಸು ತಣಿಸಿ ಒಳಗೆ ಬಿಡುತ್ತದೆ, ಎಲೆಯ ಪರಿಮಳವೂ ಬರುತ್ತದೆ. ಅಲ್ಲಿಯವರು ಕಂಡುಕೊಂಡ ಉಪಾಯವೆಲ್ಲ ಒಳಗೆ ಬರುವ ಗಾಳಿಯನ್ನು ಹದಗೊಳಿಸುವುದಕ್ಕೆ. ಉಸಿರಿನ ಲಯವನ್ನು ಬದಲಿಸುವುದಕ್ಕಲ್ಲ.

ಇದಕ್ಕೆ ಭೌತಶಾಸ್ತ್ರದಲ್ಲಿ ಗಟ್ಟಿ ಕಾರಣವಿದೆ. ಒಣಗಾಳಿಯಲ್ಲಿ ಶಾಖದ ಸಂಗ್ರಹ ಕಡಿಮೆ. 80 ಡಿಗ್ರಿ ಬಿಸಿಯಲ್ಲಿ ತೇವಾಂಶ ಶೇ 10 ಇದ್ದರೆ ಆ ಗಾಳಿಯ ಇಬ್ಬನಿ ಬಿಂದು (ಆವಿ ನೀರಾಗತೊಡಗುವ ಬಿಸಿ) ಸುಮಾರು 32 ಡಿಗ್ರಿ. ಅಂದರೆ 37 ಡಿಗ್ರಿಯ ನಮ್ಮ ಮೂಗು, ಗಂಟಲುಗಳ ತೇವ ಆ ಗಾಳಿಗೆ ಆರುತ್ತದೆ. ಆರುತ್ತಾ ಅದನ್ನು ತಣಿಸುತ್ತದೆ. ಮೂಗಿನೊಳಗಿನ ಸುರುಳಿಸುರುಳಿ ಮೂಳೆಗಳ ಮೇಲಿನ ಒದ್ದೆ ಪೊರೆ ಇರುವುದೇ ಈ ಕೆಲಸಕ್ಕೆ. ಬ್ಲಾಗ್ಡೆನ್ ಕಂಡ ತಂಪು ಉಸಿರಿನ ಗುಟ್ಟು ಇದೇ. ನೀರು ಹಾಕಿದೊಡನೆ ಲೆಕ್ಕ ತಿರುಗುತ್ತದೆ. ಅದೇ 80 ಡಿಗ್ರಿಯಲ್ಲಿ ತೇವಾಂಶ ಶೇ 25ಕ್ಕೆ ಏರಿದರೆ ಇಬ್ಬನಿ ಬಿಂದು 49 ಡಿಗ್ರಿಯ ಹತ್ತಿರ. ಈಗ ನೀರು ನಮ್ಮಿಂದ ಗಾಳಿಗೆ ಹೋಗುವುದಿಲ್ಲ. ಗಾಳಿಯಲ್ಲಿರುವ ಆವಿಯೇ ಮೈಮೇಲೆ, ಮೂಗಿನೊಳಗೆ ನೀರಾಗಿ ಇಳಿಯುತ್ತದೆ. ಇಳಿಯುವಾಗ ಪ್ರತಿ ಗ್ರಾಮಿಗೂ ಸುಮಾರು 570 ಕ್ಯಾಲೊರಿಯಷ್ಟು ಅಡಗಿದ ಶಾಖವನ್ನು ಬಿಟ್ಟುಕೊಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ಹೊಡೆಯುವ ಹಬೆ ಒಲೆಯ ಪಕ್ಕದ ಬಿಸಿಗಾಳಿಗಿಂತ ಬೇಗ ಸುಡುವುದು ಇದರಿಂದಲೇ. ಬೆನ್ನಿಗೆ ಚುರುಕು ಮುಟ್ಟುವ ಆ ಗಳಿಗೆಯಲ್ಲಿ ಬಾಯಿ ತೆರೆದು ದೊಡ್ಡ ಉಸಿರು ಎಳೆಯುವುದೆಂದರೆ ಮೂಗಿನ ಕಾವಲನ್ನು ದಾಟಿಸಿ ಆವಿಯನ್ನು ನೇರ ಗಂಟಲಿಗೆ ಕರೆದಂತೆ.

ಇದನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಫಿನ್ಲೆಂಡಿನ ಹೈನೊಲಾ ಊರಿನ ದಾಖಲೆ ಇದೆ. 1999ರಿಂದ ಅಲ್ಲಿ ಸೌನಾ ಸಹಿಷ್ಣುತೆಯ ವಿಶ್ವ ಪಂದ್ಯ ನಡೆಯುತ್ತಿತ್ತು: 110 ಡಿಗ್ರಿ ಬಿಸಿ, ಅರ್ಧ ನಿಮಿಷಕ್ಕೊಮ್ಮೆ ಕಲ್ಲುಗಳ ಮೇಲೆ ಅರ್ಧ ಲೀಟರ್ ನೀರು, ಕೊನೆಯವರೆಗೆ ಕೂತವನು ಗೆದ್ದ. 2010ರ ಆಗಸ್ಟ್ 7ರ ಅಂತಿಮ ಸುತ್ತಿನಲ್ಲಿ, ಕೂತು ಆರು ನಿಮಿಷವಾದಾಗ, ಇಬ್ಬರು ಸ್ಪರ್ಧಿಗಳನ್ನು ಹೊರಗೆಳೆಯಬೇಕಾಯಿತು. ರಷ್ಯಾದ ವ್ಲಾದಿಮಿರ್ ಲದಿಝೆನ್ಸ್ಕಿ ತೀರಿಕೊಂಡರು. ಫಿನ್ಲೆಂಡಿನ ಟಿಮೊ ಕೌಕೊನೆನ್ ಚರ್ಮವೂ ಉಸಿರ್ನಾಳವೂ ಸುಟ್ಟು, ಬಹುಕಾಲ ಆಸ್ಪತ್ರೆಯಲ್ಲಿದ್ದು ಬದುಕಿದರು. ಪಂದ್ಯ ಅಲ್ಲಿಗೇ ನಿಂತಿತು. ಅಲ್ಲಿ ಕೂತಿದ್ದವರು ಬಿಸಿಗೆ ಹೊಸಬರಲ್ಲ, ವರ್ಷಗಟ್ಟಲೆ ಪಳಗಿದವರು. ಒಳಗಿನಿಂದ ಬರುವ ಸಾಕೆಂಬ ಸೂಚನೆಯನ್ನು ಹಠದಿಂದ ಅದುಮುವ ಶಕ್ತಿ ಅವರಿಗೆ ಇತ್ತು. ಉಸಿರಿನ ಕಸರತ್ತು ಕೊಡುವುದೂ ಇದೇ ಶಕ್ತಿಯನ್ನು ಎಂಬ ಕಾರಣಕ್ಕೆ ಈ ಘಟನೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಇನ್ನು ಬಿಸಿ ನಮ್ಮ ಉಸಿರಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆ. ನಾಯಿ ನಾಲಗೆ ಚಾಚಿ ಏದುಸಿರು ಬಿಟ್ಟು ತಣಿಯುತ್ತದೆ, ನಾವು ಬೆವರಿ ತಣಿಯುತ್ತೇವೆ. ಆದರೂ ಒಳಮೈ ಬಿಸಿ ಸುಮಾರು 38.5 ಡಿಗ್ರಿ ದಾಟಿದರೆ ಸುಮ್ಮನೆ ಕೂತ ಮನುಷ್ಯನ ಉಸಿರಾಟವೂ ಬೇಕಾದ್ದಕ್ಕಿಂತ ಹೆಚ್ಚುತ್ತದೆ. ಇದರಿಂದ ತಂಪಾಗುವ ಲಾಭ ಅಲ್ಪ, ನಷ್ಟ ಸಾಕಷ್ಟು. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಉಸಿರಿನೊಡನೆ ಹೊರಟುಹೋಗುತ್ತದೆ. ಅದರ ಒತ್ತಡ ಪಾದರಸದ 40 ಮಿಲಿಮೀಟರಿನ ಸುತ್ತ ಇರಬೇಕಾದದ್ದು. ಒಂದೊಂದು ಮಿಲಿಮೀಟರ್ ಇಳಿದಂತೆ ಮಿದುಳಿಗೆ ಹರಿಯುವ ರಕ್ತ ಶೇ 2ರಿಂದ 4ರಷ್ಟು ತಗ್ಗುತ್ತದೆ. ತಲೆ ಹಗುರವಾಗುವುದು, ಬೆರಳು ಜುಮ್ಮೆನ್ನುವುದು, ಕಣ್ಣು ಕತ್ತಲೆ ಬರುವುದು ಹೀಗೆ. ಹತ್ತು ಹದಿನೈದು ನಿಮಿಷದ ಸಾಧಾರಣ ಸುತ್ತಿನಲ್ಲಿ ಒಳಮೈ ಇಷ್ಟು ಕಾಯುವುದಿಲ್ಲ. ಹೆಚ್ಚು ಹೊತ್ತು ಕೂತರೆ ಕಾಯುತ್ತದೆ. ಕಪಾಲಭಾತಿ, ಭಸ್ತ್ರಿಕಾ, ಅಥವಾ ಡಚ್ಚರ ವಿಮ್ ಹಾಫ್ ಹೆಸರಿನಲ್ಲಿ ಪ್ರಸಿದ್ಧವಾದ ವೇಗದ ಉಸಿರಾಟ ಮಾಡಿದವರು ಆ ಸ್ಥಿತಿಯನ್ನು ತಾವಾಗಿಯೇ ಬೇಗ ತಂದುಕೊಳ್ಳುತ್ತಾರೆ.

ಅದೇ ಹೊತ್ತಿಗೆ ರಕ್ತ ಎಲ್ಲಿದೆ? ತಣ್ಣಗಿದ್ದಾಗ ಹೃದಯ ಪಂಪು ಮಾಡಿದ ರಕ್ತದ ಶೇ 5ರಿಂದ 10 ಭಾಗವಷ್ಟೇ ಚರ್ಮಕ್ಕೆ ಹೋಗುತ್ತದೆ. ಸೌನಾದಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಚರ್ಮದ ಕಡೆ ಹರಿದಿರುತ್ತದೆ. ನಾಡಿ ನಿಮಿಷಕ್ಕೆ ನೂರು ದಾಟಿರುತ್ತದೆ, ಕೆಲವರಲ್ಲಿ 150ರ ತನಕ. ಇಂಥ ಗಳಿಗೆಯಲ್ಲಿ ಎದೆ ತುಂಬ ಗಾಳಿ ಹಿಡಿದು ಕುಂಭಕ ಮಾಡಿ ಬಿಗಿದರೆ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಮೊದಲೇ ಸಡಿಲಗೊಂಡ ರಕ್ತನಾಳಗಳು, ಈಗ ತುಂಬದ ಹೃದಯ, ಅದರ ಮೇಲೆ ಎದ್ದು ನಿಲ್ಲುವ ಅವಸರ. ಬವಳಿ ಬಂದು ಬೀಳುವುದು ಕಾದ ಕಲ್ಲುಗಳ ಪಕ್ಕದಲ್ಲಿ ಎಂಬುದನ್ನು ಮರೆಯಬಾರದು.

ವಿಮ್ ಹಾಫ್ ವಿಧಾನಕ್ಕೆ ವೈಜ್ಞಾನಿಕ ಆಧಾರವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. 2014ರಲ್ಲಿ ನೆದರ್ಲೆಂಡಿನ ನೈಮೆಗನ್ನಿನ ಸಂಶೋಧಕರು ತರಬೇತಾದ 12 ಜನ, ತರಬೇತಿಲ್ಲದ 12 ಜನರಿಗೆ ಬ್ಯಾಕ್ಟೀರಿಯಾದ ವಿಷಾಂಶವನ್ನು ಸೂಜಿಯಲ್ಲಿ ಕೊಟ್ಟು ನೋಡಿದರು. ತರಬೇತಾದವರಲ್ಲಿ ಅಡ್ರಿನಲಿನ್ ಏರಿತ್ತು, ಉರಿಯೂತದ ಲಕ್ಷಣಗಳು ಕಡಿಮೆ ಇದ್ದವು. ಮುಖ್ಯವಾದ ಫಲಿತಾಂಶವೇ ಸರಿ. ಆದರೆ ಅದು ಹಾಸಿಗೆಯ ಮೇಲೆ, ವೈದ್ಯರ ಕಣ್ಣೆದುರಿನಲ್ಲಿ ಮಾಡಿದ ಉಸಿರಾಟ. 90 ಡಿಗ್ರಿಯ ಕೋಣೆಯಲ್ಲಿ ಅಲ್ಲ. ನೀರಿನಲ್ಲಿದ್ದಾಗ, ವಾಹನ ಓಡಿಸುವಾಗ ಇದನ್ನು ಮಾಡಬೇಡಿ ಎಂದು ಆ ವಿಧಾನದವರೇ ಹೇಳುತ್ತಾರೆ. ಪ್ರಜ್ಞೆ ತಪ್ಪಿದರೆ ಜೀವಕ್ಕೇ ಕುತ್ತಾಗುವ ಜಾಗಗಳವು. ಸೌನಾವನ್ನೂ ಆ ಸಾಲಿಗೆ ಸೇರಿಸುವುದು ನನಗೆ ನ್ಯಾಯವೆನಿಸುತ್ತದೆ.

ಕನ್ನಡ ಓದುಗರಿಗೆ ಇಲ್ಲಿ ಇನ್ನೊಂದು ಸಾಕ್ಷ್ಯವಿದೆ. ಪ್ರಾಣಾಯಾಮದ ಹೆಸರಿನಲ್ಲೇ ಇದನ್ನೆಲ್ಲ ಮಾಡುವವರು ಪ್ರಾಣಾಯಾಮದ ಗ್ರಂಥಗಳು ಬಿಸಿಯ ಬಗ್ಗೆ ಏನನ್ನುತ್ತವೆ ಎಂದು ಕೇಳಬೇಕಲ್ಲವೇ? ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯ ಮೊದಲ ಅಧ್ಯಾಯದಲ್ಲಿ, ಅಭ್ಯಾಸದ ಆರಂಭದಲ್ಲಿ ಬಿಡಬೇಕಾದವುಗಳಲ್ಲಿ ಬೆಂಕಿ ಕಾಯಿಸಿಕೊಳ್ಳುವುದೂ ಒಂದು. ಘೇರಂಡ ಸಂಹಿತೆ ಋತುವನ್ನೇ ಗೊತ್ತುಮಾಡುತ್ತದೆ: ವಸಂತದಲ್ಲಿ, ಶರತ್ತಿನಲ್ಲಿ ಶುರು ಮಾಡಿ, ಗ್ರೀಷ್ಮದಲ್ಲಿ, ಮಳೆಗಾಲದಲ್ಲಿ, ಚಳಿಗಾಲದಲ್ಲಿ ಬೇಡ. ಬೆವರಿನ ಪ್ರಸ್ತಾಪವೂ ಪ್ರದೀಪಿಕೆಯಲ್ಲಿದೆ. ಆದರೆ ಅಲ್ಲಿ ಬೆವರು ಅಭ್ಯಾಸದ ಶ್ರಮದಿಂದ ತಾನಾಗಿ ಬರಬೇಕಾದದ್ದು, ಹೊರಗಿನ ಬೆಂಕಿಯಿಂದ ಬರಿಸಿಕೊಂಡದ್ದಲ್ಲ. ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲನೆ ಪಳಗಿಸುವಂತೆ ಪ್ರಾಣವನ್ನೂ ಪಳಗಿಸಬೇಕು, ಆತುರಪಟ್ಟರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂಬ ಎಚ್ಚರಿಕೆ ಎರಡನೆಯ ಅಧ್ಯಾಯದ್ದು. ಇದನ್ನು ಬರೆದವರು ಉಸಿರನ್ನು ಹಗುರವಾಗಿ ತೆಗೆದುಕೊಂಡವರಲ್ಲ.

ಬಿಸಿಯಲ್ಲಿ ಶೀತಲಿ ಮಾಡಿದರೆ ತಂಪಾಗದೇ ಎಂಬ ಪ್ರಶ್ನೆಯನ್ನೂ ಕೇಳಿದ್ದೇನೆ. ನಾಲಗೆಯನ್ನು ಕೊಳವೆ ಮಾಡಿ ಗಾಳಿ ಎಳೆದಾಗ ತಂಪೆನಿಸುವುದು ನಾಲಗೆಯ ತೇವ ಆರುವುದರಿಂದ. ಲೊಯ್ಲು ಎದ್ದ ಗಾಳಿಯಲ್ಲಿ ತೇವ ಆರುವ ಮಾತೇ ಇಲ್ಲ, ಅದು ಉಲ್ಟಾ ಇಳಿಯುತ್ತದೆ ಎಂದು ಆಗಲೇ ನೋಡಿದೆವು. ಜೊತೆಗೆ ಮೂಗನ್ನು ಬಿಟ್ಟು ಬಾಯಿಂದ ಎಳೆದದ್ದಾಯಿತು. ಹಬೆ ಕೋಣೆಗಳಲ್ಲಿ ಹಾಕುವ ನೀಲಗಿರಿ ಎಣ್ಣೆ, ಮೆಂಥಾಲ್ ಕೂಡ ಇಂಥ ಭ್ರಮೆ ಕೊಡುತ್ತವೆ. ಮೆಂಥಾಲ್ ತಂಪನ್ನು ಗುರುತಿಸುವ ನರಗಳನ್ನು ಕೆಣಕುವುದರಿಂದ ಉಸಿರು ಸರಾಗವಾದಂತೆ ತೋರುತ್ತದೆ. ಗಾಳಿಯ ಬಿಸಿ ಒಂದು ಡಿಗ್ರಿಯೂ ಇಳಿದಿರುವುದಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ ಹದಿನಾಲ್ಕನೆಯ ಅಧ್ಯಾಯ ಪೂರ್ತಿ ಬೆವರಿಸುವ ಚಿಕಿತ್ಸೆಗೆ ಮೀಸಲು. ಅಗ್ನಿಯ ನೆರವಿನ ಹದಿಮೂರು ಸ್ವೇದಗಳಲ್ಲಿ ಜೇಂತಾಕ ಎಂಬುದರ ವರ್ಣನೆ ಓದಿದರೆ ಫಿನ್ಲೆಂಡಿನವರೂ ಬೆರಗಾಗುತ್ತಾರೆ: ನೀರಿನ ದಡದಲ್ಲಿ ಕಟ್ಟಿದ ದುಂಡನೆಯ ಮನೆ, ಗೋಡೆಯುದ್ದಕ್ಕೂ ಜಗಲಿ, ನಡುವೆ ಒಲೆ, ಮೈಗೆ ಎಣ್ಣೆ ಹಚ್ಚಿಕೊಂಡು ಜಗಲಿಯ ಮೇಲೆ ಮಲಗುವ ರೋಗಿ. ಹೊರಬಂದೊಡನೆ ತಣ್ಣೀರು ಮುಟ್ಟಬಾರದು, ಒಂದು ಮುಹೂರ್ತ ವಿಶ್ರಮಿಸಿ ದಣಿವು, ಕಾವು ಇಳಿದ ಮೇಲೆ ಹಿತವಾದ ಬಿಸಿನೀರಿನ ಸ್ನಾನ ಎಂದು ಚರಕ ಹೇಳುತ್ತಾನೆ. ಇಷ್ಟೆಲ್ಲ ವಿವರ ಕೊಡುವವನು ಆ ಜಗಲಿಯ ಮೇಲೆ ಕುಂಭಕ ಮಾಡು ಎನ್ನುವುದಿಲ್ಲ. ಇಂದಿಗೂ ನಮ್ಮ ಆಯುರ್ವೇದ, ಪ್ರಕೃತಿ ಚಿಕಿತ್ಸಾಲಯಗಳ ಹಬೆಪೆಟ್ಟಿಗೆಯಲ್ಲಿ ಕುತ್ತಿಗೆಯ ತನಕ ಮೈ ಒಳಗಿರುತ್ತದೆ, ತಲೆ ಹೊರಗಿರುತ್ತದೆ. ಮೈ ಬೆವರಬೇಕು, ಉಸಿರು ಮಾತ್ರ ತಣ್ಣನೆಯ ಗಾಳಿಯದೇ ಆಗಿರಬೇಕು ಎಂಬ ಈ ಏರ್ಪಾಡು ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ.

ಅಧ್ಯಯನಗಳ ಕಡೆ ಬಂದರೆ, ಸೌನಾದ ಒಳಿತಿನ ಬಗ್ಗೆ ಎಲ್ಲರೂ ತೋರಿಸುವುದು ಪೂರ್ವ ಫಿನ್ಲೆಂಡಿನ ಕುವೋಪಿಯೊ ಅಧ್ಯಯನವನ್ನು. ಯಾರಿ ಲೌಕನೆನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ 2,315 ನಡುವಯಸ್ಸಿನ ಗಂಡಸರನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದ ಲೆಕ್ಕವಿದೆ. ವಾರಕ್ಕೊಮ್ಮೆ ಹೋಗುವವರಿಗೆ ಹೋಲಿಸಿದರೆ ನಾಲ್ಕರಿಂದ ಏಳು ಸಲ ಹೋಗುವವರಲ್ಲಿ ಹಠಾತ್ ಹೃದಯ ಸಾವು ಶೇ 63ರಷ್ಟು ಕಡಿಮೆ. 2017ರ ಇನ್ನೊಂದು ವರದಿಯಲ್ಲಿ, ಹೆಚ್ಚು ಹೋಗುವವರಲ್ಲಿ ಉಸಿರಾಟದ ಕಾಯಿಲೆಗಳೂ ಶೇ 41ರಷ್ಟು ಕಡಿಮೆ. ಇವು ಗಮನಿಸಿ ಬರೆದ ಲೆಕ್ಕಗಳು. ಆರೋಗ್ಯವಂತರೇ ಹೆಚ್ಚು ಸಲ ಸೌನಾಕ್ಕೆ ಹೋಗಿರಲೂ ಸಾಕು. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಬೇರೆ: ಅಲ್ಲಿ ಎಣಿಸಿದ್ದು ವಾರಕ್ಕೆ ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ಬಿಸಿ ಎಂಬುದನ್ನು. ಆ ಗಂಡಸರಲ್ಲಿ ಕಂಡ ಲಾಭ ಸಹಜ ಉಸಿರಿನಲ್ಲಿ ಕೂತು ಬಂದದ್ದೇ ಇರಬೇಕು.

ಬಿಸಿಗಾಳಿಯನ್ನು ಎಳೆದುಕೊಳ್ಳುವುದೇ ಔಷಧವೇ ಎಂದು ನೇರವಾಗಿ ಕೇಳಿದ ಪ್ರಯೋಗ ಬರ್ಲಿನ್ನಿನದು, 2010ರಲ್ಲಿ ಪ್ರಕಟವಾದದ್ದು. ಹೊಸದಾಗಿ ನೆಗಡಿಯಾದ 157 ಜನರಿಗೆ ಚಳಿಗಾಲದ ಕೋಟು ತೊಡಿಸಿ ಮೂರು ದಿನ, ದಿನಕ್ಕೆ ಮೂರು ನಿಮಿಷ ಸೌನಾದಲ್ಲಿ ಕೂರಿಸಿದರು. ಮುಖವಾಡದ ಮೂಲಕ ಅರ್ಧ ಜನಕ್ಕೆ ಸೌನಾದ ಬಿಸಿಗಾಳಿ, ಉಳಿದವರಿಗೆ ಸಾಧಾರಣ ಕೋಣೆಯ ಗಾಳಿ. ನೆಗಡಿಯ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ. ಎಷ್ಟು ಚೊಕ್ಕವಾದ ಯೋಚನೆ! ಮೈಗೆ ಬಿಸಿ, ಉಸಿರಿಗೆ ಬಿಸಿ ಎರಡನ್ನೂ ಬೇರ್ಪಡಿಸಿ ನೋಡಿದ ಇಂಥ ಕೆಲಸ ಇನ್ನಷ್ಟು ಆಗಬೇಕು. ಉಬ್ಬಸದವರ ಕಥೆ ಇನ್ನೂ ಖಚಿತ. 2012ರ ಅಮೆರಿಕದ ಪ್ರಯೋಗವೊಂದರಲ್ಲಿ, ಸೌಮ್ಯ ಉಬ್ಬಸವಿದ್ದವರು 49 ಡಿಗ್ರಿಯ ತೇವಭರಿತ ಗಾಳಿಯನ್ನು ನಾಲ್ಕೇ ನಿಮಿಷ ಜೋರಾಗಿ ಉಸಿರಾಡಿದಾಗ ಶ್ವಾಸನಾಳ ಬಿಗಿದು ಗಾಳಿಯ ಹಾದಿಯ ತಡೆ ಇಮ್ಮಡಿ ದಾಟಿತು. ಉಬ್ಬಸಿಗರು ಇಷ್ಟೊಂದು ಇರುವ ಬೆಂಗಳೂರಿನಲ್ಲಿ ಹಬೆ ಕೋಣೆಯೊಳಗಿನ ಭಸ್ತ್ರಿಕಾದ ಬಗ್ಗೆ ನನಗೆ ಆತಂಕ ಹುಟ್ಟಿಸಿದ್ದು ಮುಖ್ಯವಾಗಿ ಈ ಪ್ರಯೋಗ.

ಹಾಗಾದರೆ ನಿಯಂತ್ರಿತ ಉಸಿರಾಟಕ್ಕೆ ಜಾಗವೇ ಇಲ್ಲವೇ? ಇದೆ, ಒಳ್ಳೆಯ ಜಾಗವೇ ಇದೆ. 2019ರ ಫಿನ್ನಿಷ್ ಅಧ್ಯಯನವೊಂದು 93 ಜನರನ್ನು 73 ಡಿಗ್ರಿಯ ಸೌನಾದಲ್ಲಿ ಅರ್ಧ ಗಂಟೆ ಕೂರಿಸಿ, ಹೊರಬಂದ ಮೇಲೂ ಹೃದಯದ ಬಡಿತವನ್ನು ಅಳೆಯಿತು. ಒಳಗೆ ದೇಹ ಓಟದಲ್ಲಿದ್ದಂತೆ ಚುರುಕಾಗಿತ್ತು. ತಣಿಯುವ ಹೊತ್ತಿನಲ್ಲಿ, ಹೃದಯವನ್ನು ನಿಧಾನಿಸುವ ವೇಗಸ್ ನರದ ಹಿಡಿತ ಬಲವಾಗಿ, ವಿಶ್ರಾಂತಿಯ ನಾಡಿ ಮೊದಲಿದ್ದ 77ರಿಂದ 68ಕ್ಕೆ ಇಳಿಯಿತು. ಸೌನಾದ ಶಾಂತಿ ಅಂದರೆ ಇದೇ, ಅದು ಬರುವುದು ಹೊರಗಿನ ಬೆಂಚಿನಲ್ಲಿ. ನಿಧಾನ ಉಸಿರಾಟ ಮಾಡುವುದೂ ಇದೇ ಕೆಲಸವನ್ನು. ಇಟಲಿಯ ಲೂಚಿಯಾನೊ ಬೆರ್ನಾರ್ಡಿ 2001ರಲ್ಲಿ 23 ಜನರಿಂದ ಜಪಮಣಿಯ ಪ್ರಾರ್ಥನೆಯನ್ನೂ ಯೋಗಮಂತ್ರವನ್ನೂ ಹೇಳಿಸಿ ನೋಡಿದಾಗ ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಸುತ್ತ ಬಂದು ನಿಂತಿತು, ರಕ್ತದೊತ್ತಡವನ್ನು ಹದದಲ್ಲಿಡುವ ಪ್ರತಿಕ್ರಿಯೆ ಚುರುಕಾಯಿತು. ದೇಹ ತಾನಾಗಿಯೇ ತಣಿಯುವ ದಾರಿ ಹಿಡಿದಾಗ ದೀರ್ಘ ರೇಚಕ (ಉಸಿರನ್ನು ಉದ್ದಕ್ಕೆ ಬಿಡುವುದು), ಭ್ರಾಮರಿ (ದುಂಬಿಯಂತೆ ಗುನುಗುತ್ತ ಬಿಡುವ ಉಸಿರು) ಅದಕ್ಕೆ ಕೈಜೋಡಿಸುತ್ತವೆ. ಒಳಗೆ ಇದ್ದಾಗ ಅವು ದೇಹದ ಎದುರು ನಿಲ್ಲುತ್ತವೆ.

ಇನ್ನೊಂದು ಜಾಗ ತಣ್ಣೀರಿನ ಅಂಚು. ಸೌನಾದಿಂದ ಎದ್ದು ಕೆರೆಗೋ ಹಿಮ ಕೊರೆದ ನೀರಿಗೋ ಇಳಿಯುವುದು ಉತ್ತರದವರ ರೂಢಿ. ಈಗ ನಮ್ಮ ರೆಸಾರ್ಟುಗಳಲ್ಲೂ ಐಸ್ ನೀರಿನ ತೊಟ್ಟಿಗಳು ಬಂದಿವೆ. ತಣ್ಣೀರು ಚರ್ಮಕ್ಕೆ ತಾಗಿದೊಡನೆ ಒಮ್ಮೆಲೇ ಏದುಸಿರು ಎಳೆಯುವಂತಾಗುತ್ತದೆ. ಮೊದಲ ಅರ್ಧ ನಿಮಿಷ ಅದರ ಜೋರು, ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಬಾಯಿ ನೀರೊಳಗಿದ್ದರೆ ಆ ಒಂದು ಎಳೆತವೇ ಸಾಕು ಮುಳುಗಲು. ಹಾಗಾಗಿ ಮೆಟ್ಟಿಲಿನಿಂದ ಇಳಿಯುತ್ತಾ, ತಲೆ ಮೇಲಿಟ್ಟುಕೊಂಡು, ಉಸಿರನ್ನು ಉದ್ದಕ್ಕೆ ಹೊರಬಿಡುವುದು ನಿಜಕ್ಕೂ ಜೀವ ಉಳಿಸುವ ತಂತ್ರ. ಇದಕ್ಕೆ ಮುಂಚೆ ವೇಗದ ಉಸಿರಾಟ ಮಾಡಿ ಬಂದವರಿಗೆ ಅಪಾಯ ಹೆಚ್ಚು: ಇಂಗಾಲದ ಡೈಆಕ್ಸೈಡ್ ಇಳಿದಿರುವುದರಿಂದ ಉಸಿರು ಬೇಕೆಂಬ ಕರೆ ತಡವಾಗಿ ಬರುತ್ತದೆ, ಪ್ರಜ್ಞೆ ಅದಕ್ಕೂ ಮೊದಲೇ ಹೋಗಬಹುದು.

ಇವೆಲ್ಲ ಸೇರಿಸಿ, ನಮ್ಮೂರಿನ ಸೌನಾಕ್ಕೆ ಹೋಗುವವರಿಗೆ ನಾನು ಹೇಳುವುದು ಹೀಗೆ. ಒಳಗೆ ಮೂಗಿನಿಂದ ಉಸಿರಾಡಿ. ಮೂಗಿನಿಂದ ಆಗದಷ್ಟು ಸುಡುತ್ತಿದ್ದರೆ ಕೆಳಗಿನ ಹಲಗೆಗೆ ಬನ್ನಿ, ಅಲ್ಲೂ ಹಾಗೇ ಆದರೆ ಹೊರಗೆ. ಆವಿ ಎದ್ದಾಗ ಒದ್ದೆ ಬಟ್ಟೆ ಮೂಗಿಗೆ ಹಿಡಿಯಿರಿ. ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರೆಳೆಯದೆ ಆಡಲು ಬರುತ್ತಿದೆಯೇ ನೋಡಿ. ಉಸಿರು ತಾನಾಗಿ ಮೇಲಾಗಿದ್ದರೆ ಅದನ್ನು ಎಣಿಸಿ ತಗ್ಗಿಸಲು ಹೋಗದೆ ಎದ್ದು ಹೊರಡಿ. ಏಳುವ ಮುಂಚೆ ಒಂದೆರಡು ನಿಮಿಷ ಕಾಲು ಕೆಳಗಿಟ್ಟು ಕೂತಿರಿ. ಮದ್ಯ ಕುಡಿದು ಹೋಗಬೇಡಿ. ಫಿನ್ಲೆಂಡಿನ ಸೌನಾ ಸಾವುಗಳನ್ನು ಪರಿಶೀಲಿಸಿದಾಗ ಅರ್ಧದಷ್ಟು ಜನರ ರಕ್ತದಲ್ಲಿ ಅದು ಸಿಕ್ಕಿತ್ತು. ಇತ್ತೀಚೆಗೆ ಹೃದಯಾಘಾತವಾದವರು, ಮಹಾಪಧಮನಿಯ ಕವಾಟ ತೀರಾ ಕಿರಿದಾದವರು ಈ ಕೋಣೆಗೇ ಹೋಗಬಾರದು. ಉಬ್ಬಸದವರು ವೈದ್ಯರನ್ನು ಕೇಳಿಯೇ ಹೋಗಬೇಕು, ಇನ್‌ಹೇಲರ್ ಬಾಗಿಲ ಹೊರಗೆ ಕೈಗೆ ಸಿಗುವಂತಿರಬೇಕು. ಕೋಣೆಗೆ ಗಾಳಿ ಬರುವ ಕಿಂಡಿ ಕೆಳಗೆ, ಹೋಗುವ ಕಿಂಡಿ ಬೇರೆಡೆ ಇದೆಯೇ ಎಂದು ಒಮ್ಮೆ ನೋಡಿ. ಬಿಸಿ ಸೋರುತ್ತದೆಂದು ಅದಕ್ಕೆ ಟವೆಲ್ ತುರುಕಿದ್ದರೆ ತೆಗೆಸಿ.

ಹೊರಗೆ ಬಂದು ನೀರು ಕುಡಿದು, ನೆಟ್ಟಗೆ ಕೂತ ಮೇಲೆ ನಿಮ್ಮ ಪ್ರಾಣಾಯಾಮ. ಮೊದಲು ಏನೂ ಮಾಡದೆ ಒಂದು ನಿಮಿಷದ ಉಸಿರನ್ನು ಎಣಿಸಿಕೊಳ್ಳಿ, ಆಮೇಲೆ ರೇಚಕವನ್ನು ಪೂರಕಕ್ಕಿಂತ, ಅಂದರೆ ಒಳಗೆಳೆಯುವ ಉಸಿರಿಗಿಂತ, ಉದ್ದ ಮಾಡುತ್ತ ಹೋಗಿ. ಹತ್ತು ನಿಮಿಷವಾದರೂ ಉಸಿರು ನಿಮಿಷಕ್ಕೆ ಇಪ್ಪತ್ತರ ಕೆಳಗೆ ಬಾರದಿದ್ದರೆ ಅವತ್ತಿಗೆ ಒಂದೇ ಸುತ್ತು ಸಾಕು, ಮತ್ತೆ ಒಳಗೆ ಹೋಗಬೇಡಿ.